ಬಿದಿರು ಕರಗಿಸುವ ಸೋಡಾ ಗಂಟಲಿಗಿಳಿದಾಗ

ಬಿದಿರು ಕಾಗದವಾಗುವ ಮೊದಲು ಕಾಸ್ಟಿಕ್ ಸೋಡಾದಲ್ಲಿ ಬೇಯಬೇಕು. 1936ರಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್‌ನಿಂದಾಗಿ ಭದ್ರಾವತಿಗೆ ಈ ಹೆಸರು ಹೊಸತಲ್ಲ. ಗಿರಣಿಯ ಉತ್ಪಾದನೆ 2015ರಲ್ಲಿ ನಿಂತಿತು. ಸೋಡಾ ಮಾತ್ರ ಕಟ್ಟಿದ ಮೋರಿ ಬಿಡಿಸಲು, ಸಾಬೂನು ತಯಾರಿಸಲು ಇಂದಿಗೂ ಮನೆಗಳಿಗೆ ಬರುತ್ತಿದೆ. ಬಹಳ ಸಲ ಅದು ಬರುವುದು ತಂಪು ಪಾನೀಯದ ಹಳೆಯ ಬಾಟಲಿಯಲ್ಲಿ. ಅಪಾಯ ಇರುವುದೂ ಅಲ್ಲಿಯೇ.

ಗಟ್ಟಿ ಬಿದಿರನ್ನೇ ಮೆತ್ತಗಾಗಿಸುವ ಈ ಕ್ಷಾರಕ್ಕೆ ಮಗುವಿನ ಅನ್ನನಾಳ ಯಾವ ಲೆಕ್ಕ? ಅದು ಅಲ್ಲಿನ ಕೊಬ್ಬನ್ನು ಸಾಬೂನಾಗಿಸಿ, ಮಾಂಸವನ್ನು ಕರಗಿಸಿ, ಒಳಕ್ಕೆ ಇಳಿಯುತ್ತಲೇ ಹೋಗುತ್ತದೆ. ಕಕ್ಕಸು ತೊಳೆಯುವ ಆಮ್ಲದ ಗುಣ ಬೇರೆ. ಅದು ಮೇಲ್ಪದರವನ್ನು ಹೆಪ್ಪುಗಟ್ಟಿಸುತ್ತದೆ, ಜಠರವನ್ನೂ ಸುಡುತ್ತದೆ.

ಇಂತಹ ಸಂದರ್ಭದಲ್ಲಿ ಮನೆಯವರಿಗೆ ಮೊದಲು ಹೊಳೆಯುವುದು ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಇಲ್ಲವೇ ಕ್ಷಾರಕ್ಕೆ ನಿಂಬೆರಸ ಕೊಡುವುದು. ಅವರನ್ನು ದೂರುವಂತಿಲ್ಲ. ಕ್ಷಾರಕ್ಕೆ ವಿನೆಗರ್ ಕೊಡಿ ಎಂದು ಒಂದು ಕಾಲದಲ್ಲಿ ವೈದ್ಯಗ್ರಂಥಗಳೇ ಹೇಳುತ್ತಿದ್ದವು. ಆದರೆ ವಾಂತಿಯೊಡನೆ ಮೇಲೇರುವ ಸೋಡಾ ಅದೇ ನಾಳವನ್ನು ಎರಡನೆಯ ಬಾರಿ ಸುಡುತ್ತದೆ, ಶ್ವಾಸನಾಳಕ್ಕೂ ನುಗ್ಗಬಹುದು. ಆಮ್ಲ ಮತ್ತು ಕ್ಷಾರ ಸೇರಿದರೆ ಶಾಖವೂ ಹುಟ್ಟುತ್ತದೆ. ಹೀಗಾಗಿ ಈ ಎರಡೂ ಉಪಾಯಗಳನ್ನು ವೈದ್ಯರು ಕೈಬಿಟ್ಟಿದ್ದಾರೆ.

ಈ ಗಾಯದ ಚರಿತ್ರೆಯಲ್ಲಿ ಮರೆಯಲಾಗದ ಹೆಸರು ಅಮೆರಿಕದ ಗಂಟಲು ವೈದ್ಯ ಶೆವಲಿಯರ್ ಜಾಕ್ಸನ್ (1865-1958) ಅವರದು. ತುದಿಯಲ್ಲಿ ಪುಟ್ಟ ದೀಪವಿದ್ದ ಕೊಳವೆಯನ್ನು ಅನ್ನನಾಳಕ್ಕೆ ಇಳಿಸಿ ನೋಡುವುದನ್ನು ರೂಢಿಗೆ ತಂದವರಲ್ಲಿ ಅವರು ಪ್ರಮುಖರು. ಕಲೆಗಟ್ಟಿ ಸಂಕುಚಿಸಿದ ನಾಳಗಳನ್ನು ತಾಳ್ಮೆಯಿಂದ ಹಿಗ್ಗಿಸಿ ಅದೆಷ್ಟೋ ಮಕ್ಕಳಿಗೆ ಮತ್ತೆ ನುಂಗುವ ಶಕ್ತಿ ಕೊಟ್ಟರು. ಆದರೂ ಅವರ ದೊಡ್ಡ ಕೆಲಸ ಆಸ್ಪತ್ರೆಯ ಹೊರಗೆ ನಡೆಯಿತು ಎನ್ನಬೇಕು. ಡಬ್ಬಿಯ ಮೇಲೆ 'ವಿಷ' ಎಂದು ಮುದ್ರಿಸಲೇಬೇಕೆಂದು ಅವರು ವರ್ಷಗಟ್ಟಲೆ ಹೋರಾಡಿದರು. ಆ ಕಾನೂನು ಬಂದದ್ದು 1927ರಲ್ಲಿ.

ಮುಂದೆ ಕಲೆಗಟ್ಟುವುದನ್ನು ತಡೆಯಲು ಸ್ಟೀರಾಯ್ಡ್ ಬಳಕೆಗೆ ಬಂತು. ವಾಷಿಂಗ್ಟನ್‌ನಲ್ಲಿ 60 ಮಕ್ಕಳ ಮೇಲೆ 18 ವರ್ಷ ನಡೆದ ಅಧ್ಯಯನ ಅದರಿಂದ ಪ್ರಯೋಜನ ಕಾಣಲಿಲ್ಲವೆಂದು 1990ರಲ್ಲಿ ವರದಿ ಮಾಡಿತು.

ಗಾಯದ ಆಳ ಅಳೆಯಲು ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ವರ್ಗೀಕರಣವಾದರೋ ಭಾರತದ್ದೇ. ಚಂಡೀಗಢದ ಸ್ನಾತಕೋತ್ತರ ವೈದ್ಯ ಸಂಸ್ಥೆಯ ಡಾ. ಜರ್ಗರ್ ಮತ್ತು ಸಂಗಡಿಗರು 81 ರೋಗಿಗಳನ್ನು ಎಂಡೋಸ್ಕೋಪಿಯಿಂದ ಪರೀಕ್ಷಿಸಿ 1991ರಲ್ಲಿ ಇದನ್ನು ಪ್ರಕಟಿಸಿದರು. ಬರೀ ಕೆಂಪಾಗಿದ್ದವರು, ಅಲ್ಲಲ್ಲಿ ಹುಣ್ಣಾದವರು ಪೂರ್ತಿ ಗುಣವಾದರು. ನಾಳದ ಸುತ್ತಲೂ ಹುಣ್ಣಾದವರಲ್ಲಿ ಬಹುಪಾಲು ಜನರ ನಾಳ ಸಂಕುಚಿಸಿತು. ತುಟಿ, ಬಾಯಿ ಚೆನ್ನಾಗಿ ಕಂಡರೂ ಒಳಗೆ ಸುಟ್ಟಿರಬಹುದು. ಆದ್ದರಿಂದಲೇ ಮೊದಲ ಒಂದೆರಡು ದಿನಗಳಲ್ಲಿ ಈ ಪರೀಕ್ಷೆ ಮಾಡುತ್ತಾರೆ.

ಭದ್ರಾವತಿಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸುಮಾರು 20 ಕಿ.ಮೀ. ಹೊರಡುವ ಮುನ್ನ ಬಾಯಿ ತೊಳೆಸಿದರೆ ಸಾಕು, ತಿನ್ನಲು ಏನನ್ನೂ ಕೊಡಬಾರದು. ಕುಡಿದ ವಸ್ತು ಯಾವುದೆಂದು ವೈದ್ಯರಿಗೆ ತಿಳಿಯಲು ಆ ಬಾಟಲಿಯನ್ನೂ ಜೊತೆಗೆ ಒಯ್ಯಬೇಕು. ಒಂದು ವಾರದಲ್ಲಿ ಮಗು ಅನ್ನ ಉಂಡಿತೆಂದು ಆಸ್ಪತ್ರೆಯ ದಾರಿ ಮರೆಯುವಂತಿಲ್ಲ. ನಾಳ ಕಿರಿದಾಗುವುದು ಸಾಮಾನ್ಯವಾಗಿ ಮೂರನೆಯ ವಾರದಿಂದಾಚೆಗೆ.