ಕೊಲ್ಹಾಪುರಕ್ಕೆ ಬಂದ ಕಡಲ ದೇವರು



ಕೊಲ್ಹಾಪುರಕ್ಕೆ ಹೋದಾಗ ನಾವೆಲ್ಲ ರಂಕಾಳ ಕೆರೆ, ಅರಮನೆ ನೋಡಿಕೊಂಡು ಬರುತ್ತೇವೆ. ಟೌನ್ ಹಾಲ್ ವಸ್ತುಸಂಗ್ರಹಾಲಯದ ಒಳಗೆ ಕಾಲಿಡುವವರು ಕಡಿಮೆ. ಆ ಸಂಗ್ರಹದಲ್ಲಿ ಒಂದು ಗೇಣಿಗಿಂತಲೂ ಚಿಕ್ಕದಾದ ಕಂಚಿನ ಮೂರ್ತಿಯೊಂದಿದೆ. ಗಡ್ಡಧಾರಿ, ಎತ್ತಿದ ಕೈ. ಆ ಕೈಯಲ್ಲಿದ್ದ ತ್ರಿಶೂಲ ಈಗಿಲ್ಲ. ತ್ರಿಶೂಲ ಎಂದೊಡನೆ ನಮಗೆ ಶಿವ ನೆನಪಾಗುತ್ತಾನೆ. ಆದರೆ ಇವನು ಗ್ರೀಕರ ಕಡಲ ದೇವರು ಪೊಸೈಡನ್. ರೋಮನ್ನರು ಇವನನ್ನು ನೆಪ್ಚೂನ್ ಎನ್ನುತ್ತಿದ್ದರು.

ಸಿಕ್ಕಿದ್ದು 1940ರ ದಶಕದಲ್ಲಿ, ಪಂಚಗಂಗಾ ನದಿಯ ದಂಡೆಯ ಬ್ರಹ್ಮಪುರಿ ದಿನ್ನೆಯಲ್ಲಿ. ಅಲ್ಲಿ ಮೊದಲು ಅಗೆಸಿದವರಲ್ಲಿ ರಾಜಾರಾಮ್ ಕಾಲೇಜಿನ ಪ್ರಾಧ್ಯಾಪಕ ಕೆ.ಜಿ. ಕುಂದಣಗಾರರೂ ಇದ್ದರು. 1961ರ ಗದಗ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು ಇವರೇ! 1945-46ರಲ್ಲಿ ಡೆಕ್ಕನ್ ಕಾಲೇಜಿನ ಸಾಂಕಾಲಿಯಾ ಮತ್ತು ದೀಕ್ಷಿತ್ ಅಲ್ಲಿ ಕ್ರಮಬದ್ಧ ಉತ್ಖನನ ನಡೆಸಿದರು. ಶಾತವಾಹನರ ಕಾಲದ ಇಟ್ಟಿಗೆ ಮನೆಗಳು, ನಾಣ್ಯಗಳು ಹೊರಬಂದವು.

ರೋಮನ್ ಮನೆಗಳಲ್ಲಿ ಇಂಥ ಪುಟ್ಟ ಮೂರ್ತಿಗಳು ಸಾಮಾನ್ಯ. ಕ್ರಿ.ಶ. 79ರಲ್ಲಿ ಬೂದಿಯಡಿ ಹೂತುಹೋದ ಪಾಂಪೆಯಲ್ಲಿ ಮನೆದೇವರ ಗೂಡುಗಳು ಇಂದಿಗೂ ಕಾಣುತ್ತವೆ. ಅದೇ ಪಾಂಪೆಯಲ್ಲಿ 1938ರಲ್ಲಿ ಭಾರತದ ದಂತದ ಹೆಣ್ಣು ಗೊಂಬೆಯೂ ಸಿಕ್ಕಿತು. ಅಂದರೆ ಸರಕು ಎರಡೂ ಕಡೆಗೆ ಸಾಗುತ್ತಿತ್ತು. ಸೊಲ್ಲಾಪುರದಿಂದ ಬಹಳ ದೂರವಿಲ್ಲದ ತೇರ್, ಅಂದಿನ ತಗರ, ಆ ವ್ಯಾಪಾರದ ದೊಡ್ಡ ಪೇಟೆ. ಅಲ್ಲಿಂದ ಗಾಡಿಗಳಲ್ಲಿ ಬಟ್ಟೆ ಭರೂಚ್ ಬಂದರಿಗೆ ಹೋಗುತ್ತಿತ್ತು.

ಕಡಲಿಗಿಳಿದವರಿಗೆ ದೇವರ ನೆರಳು ಬೇಕೇ ಬೇಕಿತ್ತು. ಸಂತ ಪೌಲರು ಮಾಲ್ಟಾದಿಂದ ಹೊರಟ ಅಲೆಕ್ಸಾಂಡ್ರಿಯದ ಹಡಗಿಗೂ ಅವಳಿ ದೇವರ ಚಿಹ್ನೆ ಇತ್ತೆಂದು ಪ್ರೇಷಿತರ ಕಾರ್ಯಕಲಾಪಗಳ 28ನೇ ಅಧ್ಯಾಯ ಹೇಳುತ್ತದೆ. ಅವರು ಒಂದೂವರೆ ವರ್ಷ ನೆಲೆಸಿದ್ದ ಕೊರಿಂಥದ ಹತ್ತಿರವೇ ಪೊಸೈಡನ್‌ನ ಪ್ರಸಿದ್ಧ ದೇವಾಲಯವಿತ್ತು. ನಾವು ಓದುವ ಆ ಪುಟಗಳ ಲೋಕವೂ ಈ ಮೂರ್ತಿಯ ಲೋಕವೂ ಒಂದೇ.

ಹಾಗಾದರೆ ಕೊಲ್ಹಾಪುರದಲ್ಲಿ ಇವನನ್ನು ಪೂಜಿಸಿದರೇ? ಹಾಗೆಂದು ಹೇಳಲು ಆಧಾರವಿಲ್ಲ. ಇವನ ಜೊತೆಗೆ ಕಂಚಿನ ಕನ್ನಡಿ, ಹೂಜಿ, ಇಲ್ಲಿಯದೇ ಆದ ಆನೆ ಸವಾರರ ಗೊಂಬೆ ಎಲ್ಲ ಸಿಕ್ಕಿವೆ. ವರ್ತಕನ ಸರಕೋ, ಮನೆಯ ಅಲಂಕಾರವೋ, ಕರಗಿಸಲು ಇಟ್ಟ ಹಳೆಯ ಲೋಹವೋ ಆಗಿದ್ದೀತು. ಒಬ್ಬರ ಮನೆಯ ದೇವರು ಇನ್ನೊಬ್ಬರ ಕೈಯಲ್ಲಿ ಬರೀ ಕಂಚಾಗಬಹುದು. ಇತಿಹಾಸ ಓದುವವರು ಎರಡನ್ನೂ ಗೌರವದಿಂದ ನೋಡಬೇಕು.

ವಸ್ತು ಸಿಕ್ಕಿದ ಜಾಗ, ಅದರ ಸುತ್ತ ಇದ್ದ ವಸ್ತುಗಳು ಗೊತ್ತಿದ್ದರೆ ಮಾತ್ರ ಈ ಮಾತುಗಳನ್ನು ಆಡಲು ಸಾಧ್ಯ. ಗುಜರಿಗೆ ಹೋಗಿದ್ದರೆ ಕೆಲವು ನೂರು ಗ್ರಾಂ ಲೋಹ, ಅಷ್ಟೇ. ನಮ್ಮ ಊರುಗಳಲ್ಲೂ ಹೊಲ ಉಳುವಾಗ, ಬಾವಿ ತೋಡುವಾಗ ನಾಣ್ಯ, ಮೂರ್ತಿ ಸಿಗುವುದುಂಟು. 1878ರ ನಿಧಿ ಕಾಯ್ದೆಯ ಪ್ರಕಾರ, ನೆಲದಡಿ ಸಿಕ್ಕ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ನಿಮಗೆ ಏನಾದರೂ ಸಿಕ್ಕರೆ ಉಜ್ಜಿ ತೊಳೆಯಬೇಡಿ, ಮಾರಬೇಡಿ. ಜಾಗ ಗುರುತಿಟ್ಟುಕೊಂಡು ಹಿರಿಯರಿಗೆ ತಿಳಿಸಿ. ಮುಂದಿನ ಸಲ ಕೊಲ್ಹಾಪುರಕ್ಕೆ ಹೋದಾಗ ಅರ್ಧ ಗಂಟೆ ಟೌನ್ ಹಾಲ್‌ಗೂ ಇರಲಿ.