ತಕ್ಕಡಿ ಮತ್ತು ಬಾವುಟ

ಒಂದು ಬಾಕ್ಸಿಂಗ್ ಪಂದ್ಯವನ್ನೂ ಪೂರ್ತಿ ನೋಡದವರಿಗೂ ನಮ್ಮಲ್ಲಿ ಎರಡು ಹೆಸರು ಗೊತ್ತು: ಮುಹಮ್ಮದ್ ಅಲಿ ಮತ್ತು ಮೈಕ್ ಟೈಸನ್. ಖಾವೋಸಾಯ್ ಗ್ಯಾಲಕ್ಸಿ ಎಂಬ ಹೆಸರು ಕೇಳಿದವರು ಎಷ್ಟು ಮಂದಿ? ಥಾಯ್ಲೆಂಡಿನ ಈ ಎಡಗೈ ಬಾಕ್ಸರ್ 1984ರಲ್ಲಿ ವಿಶ್ವ ಪಟ್ಟ ಗೆದ್ದರು, 19 ಬಾರಿ ಅದನ್ನು ಉಳಿಸಿಕೊಂಡರು, 1991ರಲ್ಲಿ ಚಾಂಪಿಯನ್ ಆಗಿದ್ದಾಗಲೇ ಕೈಗವಸು ಕಳಚಿಟ್ಟರು. ಅಂಥ ದಾಖಲೆಯವರು ನಮಗೇಕೆ ಅಪರಿಚಿತರು? ಉತ್ತರ ಅವರ ಮುಷ್ಟಿಯಲ್ಲಿಲ್ಲ. ಅವರ ತೂಕ 52 ಕಿಲೋ. ಅವರ ದೇಶ ಥಾಯ್ಲೆಂಡ್. ಬಾಕ್ಸರನೊಬ್ಬನ ಖ್ಯಾತಿಯನ್ನು ಈ ಎರಡು ಸಂಗತಿಗಳು ಹೇಗೆ ನಿರ್ಧರಿಸುತ್ತ ಬಂದಿವೆ ಎಂಬುದಕ್ಕೆ ಒಂದು ಶತಮಾನದ ಚರಿತ್ರೆಯೇ ಇದೆ.

ತೂಕದ ವರ್ಗಗಳು ಹುಟ್ಟಿದ್ದು ನ್ಯಾಯಕ್ಕಾಗಿ. ಕೈಗವಸು ಕಡ್ಡಾಯ ಮಾಡಿದ ಕ್ವೀನ್ಸ್‌ಬರಿ ನಿಯಮಗಳು 1867ರಲ್ಲಿ ಪ್ರಕಟವಾದವು. 1909ರಲ್ಲಿ ಲಂಡನ್ನಿನ ನ್ಯಾಷನಲ್ ಸ್ಪೋರ್ಟಿಂಗ್ ಕ್ಲಬ್ ಎಂಟು ವರ್ಗಗಳನ್ನು ಗೊತ್ತುಪಡಿಸಿತು. 112 ಪೌಂಡಿನ, ಅಂದರೆ ಸುಮಾರು 51 ಕಿಲೋದ ಫ್ಲೈವೇಟ್‌ನಿಂದ ಹಿಡಿದು ಮೇಲ್ಮಿತಿಯೇ ಇಲ್ಲದ ಹೆವಿವೇಟ್‌ವರೆಗೆ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಇಂದು ಈ ವರ್ಗಗಳು ಕನಿಷ್ಠ ಹದಿನೇಳಕ್ಕೆ ಬೆಳೆದಿವೆ. ಸಣ್ಣ ದೇಹದವನು ದೊಡ್ಡ ದೇಹದವನ ಕೈಯಲ್ಲಿ ಜಜ್ಜಿಹೋಗಬಾರದು, ಸಮಬಲರು ಸಮಬಲರೊಡನೆ ಸೆಣಸಲಿ ಎಂಬುದು ಅದರ ಉದ್ದೇಶ. ಹಗ್ಗದ ಒಳಗೆ ಈ ನ್ಯಾಯ ಬಹುಮಟ್ಟಿಗೆ ಸಿಕ್ಕಿತು. ಹಗ್ಗದ ಹೊರಗೆ, ಟಿಕೆಟ್ ಮಾರುವ ಕಿಟಕಿಯಲ್ಲಿ, ಅದು ಸಿಗಲಿಲ್ಲ.

ಹೆವಿವೇಟ್ ಚಾಂಪಿಯನ್ ಎಂದರೆ ಜಗತ್ತಿನ ಯಾವ ಮನುಷ್ಯನನ್ನೂ ಹೊಡೆದು ಉರುಳಿಸಬಲ್ಲವನು ಎಂಬ ನಂಬಿಕೆ ಜನರ ಮನಸ್ಸಿನಲ್ಲಿ ಬೇರೂರಿದೆ. ಕೆಳಗಿನ ತೂಕದವರು ಎಷ್ಟೇ ಚುರುಕಾಗಿದ್ದರೂ ‘ಅವರ ತೂಕದಲ್ಲಿ’ ಎಂಬ ಬಾಲ ಅವರ ಬಿರುದಿಗೆ ಅಂಟಿಕೊಂಡೇ ಇರುತ್ತದೆ. ಅಮೆರಿಕದಂಥ ದೊಡ್ಡ ಮಾರುಕಟ್ಟೆಯಲ್ಲಿ ಹಣವೂ ಈ ನಂಬಿಕೆಯ ಬೆನ್ನು ಹತ್ತಿ ಹೋಯಿತು.

ಆದರೆ ತೂಕವೊಂದೇ ಸಾಲದು, ಬಾವುಟವೂ ಬೇಕು ಎಂಬುದನ್ನು ಪಂದ್ಯ ಏರ್ಪಡಿಸುವ ವ್ಯಾಪಾರಿಗಳು ಬೇಗನೇ ಕಂಡುಕೊಂಡರು. 1921ರ ಜುಲೈ 2ರಂದು ಜೆರ್ಸಿ ಸಿಟಿಯಲ್ಲಿ ಅಮೆರಿಕದ ಜ್ಯಾಕ್ ಡೆಂಪ್ಸಿ ಎದುರು ಫ್ರಾನ್ಸಿನ ಜಾರ್ಜ್ ಕಾರ್ಪಾಂತಿಯೇ ನಿಂತರು. ಕಾರ್ಪಾಂತಿಯೇ ವಾಸ್ತವವಾಗಿ ಕೆಳಗಿನ ತೂಕದವರು. ಗೆಲ್ಲುವ ಸಂಭವ ಕಡಿಮೆಯಿತ್ತು. ಆದರೆ ಅವರು ಮೊದಲ ಮಹಾಯುದ್ಧದ ವೀರ. ಡೆಂಪ್ಸಿಯ ಮೇಲೋ ಸೈನ್ಯದ ಕರೆ ತಪ್ಪಿಸಿಕೊಂಡವನೆಂಬ ಆರೋಪ ಬಂದು, ನ್ಯಾಯಾಲಯದಲ್ಲಿ ಅದು ಬಿದ್ದುಹೋಗಿತ್ತು. ದೇಶ, ಯುದ್ಧ, ಮಾನ ಎಲ್ಲವನ್ನೂ ಬೆರೆಸಿ ಪಂದ್ಯವನ್ನು ಮಾರಲಾಯಿತು. ಬಾಕ್ಸಿಂಗ್ ಚರಿತ್ರೆಯಲ್ಲಿ ಮೊದಲ ಬಾರಿಗೆ ಟಿಕೆಟ್ ಹಣ ಹತ್ತು ಲಕ್ಷ ಡಾಲರ್ ದಾಟಿತು. ನಾಲ್ಕನೇ ಸುತ್ತಿನಲ್ಲಿ ಕಾರ್ಪಾಂತಿಯೇ ಮಲಗಿದರು.

ಸಣ್ಣ ತೂಕದವರ ಖ್ಯಾತಿಯ ದಾರಿಯೇ ಬೇರೆ. ಫಿಲಿಪ್ಪೀನ್ಸ್ ಆಗ ಅಮೆರಿಕದ ಆಳ್ವಿಕೆಯಲ್ಲಿತ್ತು. ಅಲ್ಲಿನ ಫ್ರಾನ್ಸಿಸ್ಕೊ ಗಿಲೇಡೊ, ‘ಪಾಂಚೊ ವಿಲ್ಲಾ’ ಎಂಬ ಹೆಸರಿನಲ್ಲಿ 1923ರ ಜೂನ್ 18ರಂದು ನ್ಯೂಯಾರ್ಕಿನಲ್ಲಿ ವೇಲ್ಸ್‌ನ ಪ್ರಸಿದ್ಧ ಜಿಮ್ಮಿ ವೈಲ್ಡ್ ಅವರನ್ನು ಕೆಡವಿ ಫ್ಲೈವೇಟ್ ವಿಶ್ವ ಚಾಂಪಿಯನ್ ಆದರು. ಸ್ವಾತಂತ್ರ್ಯವಿಲ್ಲದ ಒಂದು ದೇಶದ ಹುಡುಗ ಆಳುವವರ ನೆಲದಲ್ಲೇ ಜಗತ್ತಿನ ಮೊದಲಿಗನಾಗಿದ್ದ. ಎರಡೇ ವರ್ಷದಲ್ಲಿ, 1925ರ ಜುಲೈ 14ರಂದು, ಹಲ್ಲಿನ ಸೋಂಕು ಗಂಟಲಿಗೆ ಹರಡಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅವರು ತೀರಿಕೊಂಡರು. ವಯಸ್ಸು ಇಪ್ಪತ್ತಮೂರು. ಶವವನ್ನು ಹಡಗಿನಲ್ಲಿ ಮನಿಲಾಕ್ಕೆ ತಂದು ಮಣ್ಣು ಮಾಡಲಾಯಿತು. ಅಮೆರಿಕನ್ನರಿಗೆ ಅವರು ಒಬ್ಬ ಒಳ್ಳೆಯ ಫ್ಲೈವೇಟ್. ಫಿಲಿಪಿನೋಗಳಿಗೆ ತಮ್ಮ ದೇಶಕ್ಕೊಂದು ಮುಖ.

ಜಪಾನಿನ ಕತೆಯೂ ಹೀಗೆಯೇ. ಯುದ್ಧದಲ್ಲಿ ಸೋತ ಆ ದೇಶ ಅಮೆರಿಕದ ಸೇನಾಡಳಿತದಿಂದ ಬಿಡುಗಡೆ ಪಡೆದದ್ದು 1952ರ ಏಪ್ರಿಲ್ 28ರಂದು. ಮೂರೇ ವಾರದ ನಂತರ, ಮೇ 19ರಂದು, ಟೋಕಿಯೋದ ಕೊರಾಕುಯೆನ್ ಕ್ರೀಡಾಂಗಣದಲ್ಲಿ ಯೋಶಿಯೊ ಶಿರಾಯಿ ಹವಾಯಿಯ ಡಾಡೊ ಮರೀನೊ ಅವರನ್ನು ಸೋಲಿಸಿ ಜಪಾನಿನ ಮೊದಲ ವಿಶ್ವ ಚಾಂಪಿಯನ್ ಆದರು. ಅವರೂ ಫ್ಲೈವೇಟ್. ಅವರನ್ನು ತಿದ್ದಿ ಬೆಳೆಸಿದವರು ಆಲ್ವಿನ್ ಕಾನ್ ಎಂಬ ಅಮೆರಿಕದ ಪ್ರಾಣಿಶಾಸ್ತ್ರಜ್ಞ ಎಂಬುದು ಚರಿತ್ರೆಯ ಒಂದು ಸೋಜಿಗ. ತಲೆ ತಗ್ಗಿಸಿಕೊಂಡಿದ್ದ ಜನಕ್ಕೆ ಐವತ್ತು ಕಿಲೋದ ಒಬ್ಬ ಮನುಷ್ಯ ತಲೆಯೆತ್ತಲು ಕಾರಣ ಕೊಟ್ಟ. ಆ ಗೆಲುವಿನ ತೂಕವನ್ನು ಯಾವ ತಕ್ಕಡಿ ಅಳೆಯುತ್ತದೆ?

ಬಾವುಟ ಹಿಡಿದವನಿಗೆ ಮಾತ್ರ ಜನಪ್ರೀತಿ ಎಂದುಕೊಳ್ಳುವ ಹಾಗೂ ಇಲ್ಲ. 1967ರಲ್ಲಿ ಮುಹಮ್ಮದ್ ಅಲಿ ವಿಯೆಟ್ನಾಂ ಯುದ್ಧಕ್ಕೆ ಸೇನೆ ಸೇರಲು ಒಪ್ಪದೆ ಪಟ್ಟವನ್ನೂ, ಪ್ರಾಯದ ಮೂರೂವರೆ ವರ್ಷಗಳನ್ನೂ ಕಳೆದುಕೊಂಡರು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಜಾರ್ಜ್ ಫೋರ್‌ಮನ್ ಅಮೆರಿಕದ ಪುಟ್ಟ ಬಾವುಟವನ್ನು ಬೀಸಿ ತೋರಿಸಿದರು. ಈ ಇಬ್ಬರೂ 1974ರ ಅಕ್ಟೋಬರ್ 30ರಂದು ಆಫ್ರಿಕಾದ ಕಿನ್ಶಾಸಾದಲ್ಲಿ ಎದುರಾದಾಗ ಜನ ನಿಂತದ್ದು ಅಲಿಯ ಕಡೆಗೆ. ಇಬ್ಬರೂ ಕರಿಯರು, ಇಬ್ಬರೂ ಅಮೆರಿಕನ್ನರು, ಇಬ್ಬರೂ ಹೆವಿವೇಟ್. ತನ್ನ ದೇಶದ ಬಲಾಢ್ಯ ಸರ್ಕಾರಕ್ಕೆ ‘ಇಲ್ಲ’ ಎಂದವನನ್ನು ಏಷ್ಯಾ, ಆಫ್ರಿಕಾಗಳ ಜನ ತಮ್ಮವನೆಂದು ಎದೆಗಪ್ಪಿಕೊಂಡರು. ಅವರ ಹೆಸರಿನಿಂದಾಗಿ ಮುಸ್ಲಿಂ ಜಗತ್ತಿನಲ್ಲಿ ಆ ಅಪ್ಪುಗೆ ಇನ್ನಷ್ಟು ಬಿಗಿಯಾಯಿತು. ಆದರೂ ನಾವು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇದೇ ಅಲಿ ಫ್ಲೈವೇಟ್ ಆಗಿದ್ದು, ಇದೇ ಮಾತನ್ನು ಆಡಿದ್ದರೆ ಜಗತ್ತು ಕಿವಿಗೊಡುತ್ತಿತ್ತೇ? ಅವರ ಧ್ವನಿ ಅಷ್ಟು ದೂರ ಕೇಳಿಸಿದ್ದರಲ್ಲಿ ಹೆವಿವೇಟ್ ಪಟ್ಟದ ಪಾಲೂ ಇದೆ.

ಹಗುರ ತೂಕದವರಿಗೆ ದೊಡ್ಡ ಮಾರುಕಟ್ಟೆ ಒದಗಿದರೆ ಏನಾಗುತ್ತದೆ ಎಂಬುದಕ್ಕೆ ನಸೀಮ್ ಹಮೀದ್ ಸಾಕ್ಷಿ. ಯೆಮನ್ ಮೂಲದ ತಂದೆ ತಾಯಿಗೆ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹುಟ್ಟಿದ ಈ 57 ಕಿಲೋದ ಫೆದರ್‌ವೇಟ್ 1995ರಲ್ಲಿ ವಿಶ್ವ ಪಟ್ಟಕ್ಕೇರಿದರು. ‘ಪ್ರಿನ್ಸ್’ ಎಂಬ ಬಿರುದು, ರಿಂಗಿನ ಹಗ್ಗದ ಮೇಲಿಂದ ಲಾಗ ಹೊಡೆದು ಒಳಬರುವ ಠೀವಿ, ಬೆನ್ನಿಗೆ ಬ್ರಿಟಿಷ್ ಮತ್ತು ಅಮೆರಿಕನ್ ಟಿವಿ. ಯೆಮನ್ ಅವರನ್ನು ತನ್ನ ಮಗನೆಂದಿತು, ಬ್ರಿಟನ್ ತನ್ನವನೆಂದಿತು. 2001ರಲ್ಲಿ ಮೆಕ್ಸಿಕೊದ ಬರೇರಾ ಎದುರು ಸೋಲುವವರೆಗೂ ಅವರು ಬಹುದೊಡ್ಡ ತಾರೆ. ಅವರಿಗಿಂತ ಬಹಳ ಹೆಚ್ಚು ಕಾಲ ಪಟ್ಟದಲ್ಲಿದ್ದ ಗ್ಯಾಲಕ್ಸಿಗೆ ಈ ಭಾಗ್ಯವಿರಲಿಲ್ಲ. ಅವರು ಹೆಚ್ಚಾಗಿ ಸೆಣಸಿದ್ದು ತಮ್ಮ ದೇಶದಲ್ಲೇ.

ಫಿಲಿಪ್ಪೀನ್ಸ್‌ನ ಮ್ಯಾನಿ ಪಕ್ಯಾವೊ ಈ ಗೋಡೆಯನ್ನು ಬೇರೆ ರೀತಿಯಲ್ಲಿ ದಾಟಿದರು. 1998ರಲ್ಲಿ ಅವರು ಫ್ಲೈವೇಟ್ ಚಾಂಪಿಯನ್; ಅಮೆರಿಕದಲ್ಲಿ ಕೇಳುವವರಿರಲಿಲ್ಲ. ಮೇಲಿನ ತೂಕಕ್ಕೆ ಹೆಜ್ಜೆ ಹೆಜ್ಜೆಯಾಗಿ ಏರುತ್ತ ಹೋದರು. 2008ರಲ್ಲಿ ವೆಲ್ಟರ್‌ವೇಟ್‌ನಲ್ಲಿ, ಅಂದರೆ ಸುಮಾರು 66.7 ಕಿಲೋ ಮಿತಿಯಲ್ಲಿ, ಆಸ್ಕರ್ ಡಿ ಲಾ ಹೋಯಾ ಅವರನ್ನು ಸೋಲಿಸಿದ ಮೇಲೆಯೇ ಜಗತ್ತು ಅವರನ್ನು ಪೂರ್ತಿಯಾಗಿ ಕಂಡಿತು. ಎಂಟು ತೂಕಗಳಲ್ಲಿ ವಿಶ್ವ ಪಟ್ಟ ಗೆದ್ದವರು ಅವರೊಬ್ಬರೇ. ಸಣ್ಣವನು ಕಾಣಿಸಿಕೊಳ್ಳಬೇಕಾದರೆ ದೊಡ್ಡವರ ತೂಕಕ್ಕೇ ಹೋಗಿ ಗೆಲ್ಲಬೇಕಾಯಿತು. ಅದು ಅವರ ಹಿರಿಮೆ; ಲೋಕದ ಕಣ್ಣಿನ ದೋಷವೂ ಹೌದು.

ಆ ಕಣ್ಣು ಈಗ ಸ್ವಲ್ಪ ತೆರೆಯುತ್ತಿದೆ. ಶಿರಾಯಿ ಗೆದ್ದ ಕೊರಾಕುಯೆನ್ ಕ್ರೀಡಾಂಗಣದ ಪಕ್ಕದಲ್ಲೇ 1988ರಲ್ಲಿ ಟೋಕಿಯೋ ಡೋಮ್ ಎದ್ದಿತು. 1990ರ ಫೆಬ್ರವರಿ 11ರಂದು ಟೈಸನ್ ಬಸ್ಟರ್ ಡಗ್ಲಾಸ್ ಕೈಯಲ್ಲಿ ಸೋತದ್ದು ಅಲ್ಲಿಯೇ. ಬಳಿಕ 34 ವರ್ಷ ಅಲ್ಲಿ ಬಾಕ್ಸಿಂಗ್ ನಡೆಯಲಿಲ್ಲ. 2024ರ ಮೇ 6ರಂದು ಆ ಬಾಗಿಲು ಮತ್ತೆ ತೆರೆದದ್ದು 55 ಕಿಲೋದ ನವೊಯಾ ಇನೋವೆಗಾಗಿ. ಹೆವಿವೇಟ್‌ಗೆಂದು ತುಂಬಿದ ಅಂಗಳ ಒಬ್ಬ ಸಣ್ಣ ದೇಹದವನಿಗಾಗಿಯೂ ತುಂಬಿತು. ಅದಕ್ಕೂ ಕಾರಣ ಬಾವುಟವೇ. ಈ ಸಲ ಆ ಬಾವುಟದ ದೇಶ ಶ್ರೀಮಂತವಾಗಿತ್ತು.

ನಮ್ಮ ದೇಶಕ್ಕೆ ಬಂದರೆ ಈ ತಕ್ಕಡಿಯ ಪೆಟ್ಟು ಬಿದ್ದಿರುವುದು ಹೆಣ್ಣುಮಕ್ಕಳಿಗೆ. ಮಣಿಪುರದ ಮೇರಿ ಕೋಮ್ 2002ರಿಂದ 2010ರೊಳಗೆ ಐದು ಬಾರಿ ವಿಶ್ವ ಚಾಂಪಿಯನ್ ಆಗಿದ್ದರು, 48 ಕಿಲೋದೊಳಗಿನ ತೂಕಗಳಲ್ಲಿ. 2012ರಲ್ಲಿ ಲಂಡನ್ ಒಲಿಂಪಿಕ್ಸ್ ಮೊದಲ ಬಾರಿಗೆ ಮಹಿಳಾ ಬಾಕ್ಸಿಂಗ್ ಸೇರಿಸಿಕೊಂಡಾಗ ಇಟ್ಟದ್ದು ಮೂರೇ ವರ್ಗ. ಎಲ್ಲಕ್ಕಿಂತ ಕೆಳಗಿನದು 51 ಕಿಲೋ. ತಮಗಿಂತ ದೊಡ್ಡ ದೇಹದವರೊಡನೆ ಸೆಣಸಿ ಅವರು ಕಂಚು ತಂದರು. ಐದು ವಿಶ್ವ ಪಟ್ಟಗಳು ತಲುಪಿಸದ ಮನೆಗಳಿಗೆ ಅವರ ಹೆಸರನ್ನು ಆ ಒಂದು ಕಂಚು ತಲುಪಿಸಿತು. 2014ರಲ್ಲಿ ಸಿನಿಮಾ ಕೂಡ ಬಂತು. ತೆಲಂಗಾಣದ ನಿಜಾಮಾಬಾದಿನ ನಿಖತ್ ಝರೀನ್ 2022ರಲ್ಲಿ ಇಸ್ತಾಂಬುಲ್‌ನಲ್ಲಿ ವಿಶ್ವ ಚಾಂಪಿಯನ್ ಆದದ್ದು 52 ಕಿಲೋದಲ್ಲಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಆ ತೂಕವೇ ಇರಲಿಲ್ಲ. 50ಕ್ಕೆ ಇಳಿದು ಆಡಿದ ಅವರು, ಮುಂದೆ ಚಿನ್ನ ಗೆದ್ದ ಚೀನಾದ ವು ಯು ಎದುರು ಎರಡನೆಯ ಪಂದ್ಯದಲ್ಲೇ ಸೋತರು. ಇಸ್ತಾಂಬುಲ್‌ನ ಚಿನ್ನಕ್ಕೆ ಸಂಭ್ರಮಿಸಿದ ಮನೆಗಳಲ್ಲಿ ಅಂದು ಮೌನ.

ಬಾಕ್ಸಿಂಗ್ ಬಡವರ ಮಕ್ಕಳ ಆಟ. ತಿನ್ನಲು ಕಡಿಮೆಯಿದ್ದ ದೇಶಗಳಲ್ಲಿ ದೇಹಗಳೂ ಸಣ್ಣವಾಗಿಯೇ ಬೆಳೆದವು; ಏಷ್ಯಾದ ಚಾಂಪಿಯನ್ನರ ದೊಡ್ಡ ಸಾಲು ಹಗುರ ತೂಕಗಳಲ್ಲಿ ಕಾಣಸಿಗುವುದಕ್ಕೆ ಅದೂ ಒಂದು ಕಾರಣವಿರಬೇಕು. ಹೀಗಾಗಿ ತೂಕದಲ್ಲಿ ಆಗುವ ಉಪೇಕ್ಷೆ ದೇಶಗಳ ಉಪೇಕ್ಷೆಯೂ ಆಗಿಬಿಡುತ್ತದೆ. ಅಲಿಯನ್ನು ಮೆಚ್ಚುವ ನಾವು ಆ ಮೆಚ್ಚುಗೆಯಲ್ಲಿ ಕಡಿಮೆ ಮಾಡಿಕೊಳ್ಳಬೇಕಿಲ್ಲ. ಆದರೆ ನಮ್ಮ ಮಕ್ಕಳು ಬಾಕ್ಸಿಂಗ್ ಬಗ್ಗೆ ಕೇಳಿದಾಗ ಅಲಿಯ ಕತೆಯ ಜೊತೆಗೆ ಪಾಂಚೊ ವಿಲ್ಲಾ, ಶಿರಾಯಿ, ಗ್ಯಾಲಕ್ಸಿಯರ ಕತೆಯನ್ನೂ ಹೇಳೋಣ. ನಿಜಾಮಾಬಾದ್ ನಮ್ಮ ಗಡಿಯಿಂದ ಬಹಳ ದೂರವೇನಿಲ್ಲ. ನಿಖತ್ ಅವರ ಮುಂದಿನ ಪಂದ್ಯ ಯಾವ ತೂಕದಲ್ಲಿದ್ದರೂ ಕೂತು ನೋಡೋಣ.