ಕೊಲ್ಹಾರದ ಮೊಸರು, ಸ್ಟಿಲ್ಟನ್ನಿನ ಚೀಸು

ಇಂಗ್ಲೆಂಡಿನಲ್ಲಿ ಸ್ಟಿಲ್ಟನ್ ಎಂಬ ಹಳ್ಳಿಯೊಂದಿದೆ. ನೀಲಿ ಗೆರೆಗಳು ಹರಿದಾಡುವ ಸ್ಟಿಲ್ಟನ್ ಚೀಸು ಜಗತ್ತಿಗೆಲ್ಲ ಗೊತ್ತು. ಆದರೆ ಆ ಹಳ್ಳಿಯಲ್ಲಿ ಯಾರಾದರೂ ಚೀಸು ಮಾಡಿ ಅದನ್ನು ಸ್ಟಿಲ್ಟನ್ ಎಂದು ಕರೆದು ಮಾರಿದರೆ ಅದು ಕಾನೂನುಬಾಹಿರ. 1996ರಲ್ಲಿ ಈ ಹೆಸರಿಗೆ ರಕ್ಷಣೆ ಸಿಕ್ಕಾಗ ಡರ್ಬಿಶೈರ್, ಲೆಸ್ಟರ್‌ಶೈರ್, ನಾಟಿಂಗ್‌ಹ್ಯಾಮ್‌ಶೈರ್ ಎಂಬ ಮೂರು ಜಿಲ್ಲೆಗಳಲ್ಲಿ ಮಾತ್ರ ಅದನ್ನು ತಯಾರಿಸಬೇಕೆಂದು ನಿಯಮವಾಯಿತು. ಸ್ಟಿಲ್ಟನ್ ಹಳ್ಳಿ ಇರುವುದು ಕೇಂಬ್ರಿಜ್‌ಶೈರಿನಲ್ಲಿ! ನಮಗೂ ಹಕ್ಕು ಕೊಡಿ ಎಂದು ಹಳ್ಳಿಯವರು ಹಾಕಿದ ಅರ್ಜಿ 2013ರಲ್ಲಿ ತಿರಸ್ಕೃತವಾಯಿತು.

ಇದು ಹೇಗಾಯಿತೆಂದರೆ, ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಹೆದ್ದಾರಿಯ ಮೇಲೆ ಈ ಹಳ್ಳಿಯಿತ್ತು. ಕುದುರೆ ಸಾರೋಟುಗಳು ಅಲ್ಲಿ ನಿಲ್ಲುತ್ತಿದ್ದವು. ಲೆಸ್ಟರ್‌ಶೈರಿನ ಹಳ್ಳಿಗಳ ಹೆಂಗಸರು ಮಾಡಿದ ಚೀಸನ್ನು ಅಲ್ಲಿಯ ಬೆಲ್ ಇನ್ ಎಂಬ ಛತ್ರದ ಮಾಲೀಕ ಕೂಪರ್ ಥಾರ್ನ್‌ಹಿಲ್ ಪ್ರಯಾಣಿಕರಿಗೆ ಮಾರಿದ. ತಿಂದವರು ಕೊಂಡ ಜಾಗದ ಹೆಸರು ಹೇಳಿದರೇ ಹೊರತು ಹಾಲು ಕರೆದವರ ಊರನ್ನು ಕೇಳಲಿಲ್ಲ. 1720ರ ದಶಕದಲ್ಲಿ ಆ ದಾರಿಯ ಬಗ್ಗೆ ಬರೆದ ಡೇನಿಯಲ್ ಡಿಫೋ ಆಗಲೇ ಆ ಊರನ್ನು ಚೀಸಿನ ಊರೆಂದು ಗುರುತಿಸಿದ್ದ.

ನಮ್ಮ ವಿಜಯಪುರ ಜಿಲ್ಲೆಯವರಿಗೆ ಇದು ಹೊಸ ಕಥೆಯಲ್ಲ. 1565ರ ಜನವರಿ 23ರಂದು ವಿಜಯನಗರದ ರಾಮರಾಯನಿಗೂ ದಖ್ಖನಿನ ಸುಲ್ತಾನರಿಗೂ ನಡೆದ ಕಾಳಗವನ್ನು ಶಾಲೆಯಲ್ಲಿ ತಾಳಿಕೋಟೆ ಯುದ್ಧವೆಂದು ಓದಿದ್ದೇವೆ. ಮೊನ್ನೆಮೊನ್ನೆಯವರೆಗೆ ಮುದ್ದೇಬಿಹಾಳ ತಾಲೂಕಿನಲ್ಲಿದ್ದ ತಾಳಿಕೋಟೆ ಡೋಣಿ ನದಿಯ ದಂಡೆಯ ಮೇಲಿದೆ. ಯುದ್ಧ ನಡೆದದ್ದು ಅಲ್ಲಿಂದ ದೂರ, ಕೃಷ್ಣೆಯ ಆಸುಪಾಸಿನಲ್ಲಿ. ಅದಕ್ಕೇ ರಕ್ಕಸಗಿ-ತಂಗಡಗಿ ಎಂಬ ಹೆಸರೂ ಇದೆ. ಸುಲ್ತಾನರ ಸೈನ್ಯಗಳು ಬಂದು ಕೂಡಿದ್ದು ತಾಳಿಕೋಟೆಯಲ್ಲಿ, ಅಷ್ಟಕ್ಕೇ ಹೆಸರು ಅಂಟಿತು. ಆ ಊರಿನವರು ತಾವು ಆಡದ ಯುದ್ಧದ ಭಾರವನ್ನು ಇಂದಿಗೂ ಹೊತ್ತಿದ್ದಾರೆ. ಚೀಸಿನ ಹೆಸರಾದರೆ ಒಳ್ಳೆಯದಿತ್ತು.

ನಮ್ಮಲ್ಲಿ ಚೀಸು ಯಾಕೆ ಹುಟ್ಟಲಿಲ್ಲ ಎಂದು ಕೇಳುವವರಿದ್ದಾರೆ. ಬೇಸಿಗೆಯ ಹುಲ್ಲಿನಿಂದ ಬಂದ ಹಾಲನ್ನು ಚಳಿಗಾಲಕ್ಕೆ ಕಾದಿಡುವುದು ಇಂಗ್ಲೆಂಡಿನ ರೈತನ ಸಮಸ್ಯೆಯಾಗಿತ್ತು. ಚೆಡ್ಡರ್ ಊರಿನ ಗವಿಗಳು ವರ್ಷವಿಡೀ ಒಂದೇ ತಂಪಿನಲ್ಲಿರುತ್ತವೆ, ಚೀಸು ಅಲ್ಲಿ ಕುಳಿತು ಮಾಗುತ್ತಿತ್ತು. ವಿಜಯಪುರದ ಬೇಸಿಗೆಯಲ್ಲಿ ಅಂಥ ಭಾಗ್ಯವೆಲ್ಲಿ? ಇಲ್ಲಿ ಹಾಲು ಉಳಿಯುವ ದಾರಿ ತುಪ್ಪ, ಇಲ್ಲವೇ ಮೊಸರು. ಚೀಸಿಗೆ ಇನ್ನೊಂದು ತೊಡಕೂ ಇದೆ. ಹಾಲನ್ನು ಒಡೆಯಲು ಹಿಂದೆ ಎಳೆಗರುವಿನ ಹೊಟ್ಟೆಯ ರಸ ಬೇಕಾಗಿತ್ತು. ಆ ಕರುವನ್ನು ಕೊಯ್ದವರು ಯಾರು, ಹೇಗೆ ಎಂಬ ಪ್ರಶ್ನೆಯನ್ನು ಫಿಕ್ಹ್ ಪಂಡಿತರು ಹಳೆಯ ಕಾಲದಲ್ಲೇ ಚರ್ಚಿಸಿದ್ದಾರೆ. ತಬೂಕ್‌ನಲ್ಲಿ ಚೀಸು ತಂದಿಟ್ಟಾಗ ಪ್ರವಾದಿಯವರು (ಸ) ಚಾಕು ತರಿಸಿ, ಅಲ್ಲಾಹನ ಹೆಸರು ಹೇಳಿ ಕತ್ತರಿಸಿದರೆಂದು ಅಬೂ ದಾವೂದರ ಹದೀಸ್ ಸಂಗ್ರಹದಲ್ಲಿದೆ. ಮೊಸರಿಗೆ ಇಂಥ ಯಾವ ಜಗಳವೂ ಇಲ್ಲ. ನಿನ್ನೆಯ ಮೊಸರೇ ಇಂದಿನ ಹೆಪ್ಪು. ಮಠದಲ್ಲೂ ದರ್ಗಾದಲ್ಲೂ, ಯಾರ ಮನೆಯ ಪಂಕ್ತಿಯಲ್ಲೂ ಅದು ನಡೆಯುತ್ತದೆ.

ಈ ಸೀಮೆಯಲ್ಲಿ ಮೊಸರೆಂದರೆ ಕೊಲ್ಹಾರ. ಬಸವಣ್ಣನವರ ಹೆಸರನ್ನು ಮುಂದಿಟ್ಟುಕೊಂಡ ಬಾಗೇವಾಡಿಯ ತಾಲೂಕಿನಲ್ಲಿದ್ದ ಊರದು, ಈಗ ತಾನೇ ತಾಲೂಕಾಗಿದೆ. ವಿಜಯಪುರದಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿ ಕೃಷ್ಣೆಯನ್ನು ದಾಟುವುದು ಇಲ್ಲೇ. ಬಸ್ಸು ನಿಂತರೆ ಮಣ್ಣಿನ ಕುಡಿಕೆಗಳು ಕಿಟಕಿಯ ಹತ್ತಿರ ಬರುತ್ತವೆ. ಸ್ಟಿಲ್ಟನ್ನಿನ ಸಾರೋಟಿನ ಕಥೆಯೇ ಇಲ್ಲಿ ಸಾರಿಗೆ ಬಸ್ಸಿನ ಕಥೆಯಾಗಿದೆ.

ಮೊಸರು ಎಷ್ಟು ಗಟ್ಟಿಯೆಂದರೆ ಕುಡಿಕೆಯನ್ನು ಬೋರಲು ಹಾಕಿದರೂ ಬೀಳುವುದಿಲ್ಲ ಎಂದು ಮಾರುವವರು ತೋರಿಸುತ್ತಾರೆ. ಇದರಲ್ಲಿ ಮಾಟವೇನಿಲ್ಲ. ಎಮ್ಮೆಯ ಹಾಲಿನಲ್ಲಿ ನೂರಕ್ಕೆ ಏಳರಷ್ಟು ಕೊಬ್ಬಿರುತ್ತದೆ, ಆಕಳ ಹಾಲಿನಲ್ಲಿ ನಾಲ್ಕರ ಹತ್ತಿರ. ಹಾಲನ್ನು ಚೆನ್ನಾಗಿ ಕಾಯಿಸಿ ಇಂಗಿಸಿ ಮಣ್ಣಿನ ಕುಡಿಕೆಯಲ್ಲಿ ಹೆಪ್ಪು ಹಾಕಿದರೆ, ಉಳಿದ ನೀರನ್ನು ಕುಡಿಕೆಯ ಮೈ ಹೀರುತ್ತದೆ. ಹೀರಿದ ನೀರು ಹೊರಮೈಯಲ್ಲಿ ಆರುತ್ತ ಒಳಗನ್ನು ತಂಪಾಗಿಡುತ್ತದೆ. ಹುಳಿ ಬೇಗ ಏರುವುದಿಲ್ಲ. ಹಾಗಾಗಿ ಕೊಲ್ಹಾರದ ಮೊಸರು ಎನ್ನುವಾಗ ಎಮ್ಮೆ ಸಾಕಿದವನ ಜೊತೆಗೆ ಕುಂಬಾರನ ಹೆಸರನ್ನೂ ಹೇಳಬೇಕು. ಪ್ಲಾಸ್ಟಿಕ್ ಡಬ್ಬಿಗೆ ಹಾಕಿದರೆ ಅರ್ಧ ಹೆಸರು ಹೋದಂತೆಯೇ ಎಂಬುದು ನನ್ನ ಅಭಿಪ್ರಾಯ.

ಆದರೆ ಕೊಲ್ಹಾರದ ಕಥೆ ಸ್ಟಿಲ್ಟನ್ನಿಗಿಂತ ಕಠಿಣ. ಆ ಹಳ್ಳಿ ಕಳೆದುಕೊಂಡದ್ದು ಹೆಸರಿನ ಹಕ್ಕನ್ನು, ಕೊಲ್ಹಾರ ಕಳೆದುಕೊಂಡದ್ದು ನೆಲವನ್ನೇ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. ನಾಲ್ಕು ದಶಕಗಳ ಕೆಲಸ, ರಾಜ್ಯ ರಾಜ್ಯಗಳ ವ್ಯಾಜ್ಯ ಎಲ್ಲ ಆಗಿ, 2000ದಲ್ಲಿ ಸುಪ್ರೀಂ ಕೋರ್ಟು 519.6 ಮೀಟರ್ ಎತ್ತರಕ್ಕೆ ಒಪ್ಪಿತು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಜಲಾಶಯವನ್ನು ನಾಡಿಗೆ ಅರ್ಪಿಸಿದರು. ಹಿನ್ನೀರು ಹಳೆಯ ಕೊಲ್ಹಾರವನ್ನು ತೆಗೆದುಕೊಂಡಿತು, ಊರು ಎತ್ತರದ ಜಾಗಕ್ಕೆ ಹೋಯಿತು. ಈಗ ಕೊರ್ತಿ-ಕೊಲ್ಹಾರ ಸೇತುವೆ ಸುಮಾರು ಮೂರು ಕಿಲೋಮೀಟರ್ ಉದ್ದವಿದೆ. ಅದರ ಮೇಲೆ ಹೋಗುವಾಗ ಎರಡೂ ಕಡೆ ಸಮುದ್ರದಂತೆ ಕಾಣುವ ನೀರಿನ ಕೆಳಗೆ ಓಣಿಗಳಿದ್ದವು, ದನದ ಕೊಟ್ಟಿಗೆಗಳಿದ್ದವು ಎಂದು ಬಸ್ಸಿನಲ್ಲಿ ಕುಳಿತ ಹೊಸಬರಿಗೆ ಹೊಳೆಯುವುದಿಲ್ಲ. ಮೊಸರು ಮಾತ್ರ ಮೇಲೆ ಬಂದಿತು, ಹೆಸರಿನ ಸಮೇತ.

ಊರಿನ ಹೆಸರನ್ನು ಕಾನೂನಿನಿಂದ ಕಾಯುವ ವ್ಯವಸ್ಥೆ ನಮ್ಮಲ್ಲೂ ಬಂದಿದೆ. 1999ರ ಭೌಗೋಳಿಕ ಸೂಚಿಕೆ ಕಾಯ್ದೆ 2003ರಲ್ಲಿ ಜಾರಿಯಾಯಿತು. ಧಾರವಾಡ ಪೇಡೆ, ಇಳಕಲ್ ಸೀರೆ, ನವಲಗುಂದದ ಜಮಖಾನ ಆ ಪಟ್ಟಿಯಲ್ಲಿವೆ. ನಮ್ಮ ಜಿಲ್ಲೆಯಿಂದ 2023ರಲ್ಲಿ ಇಂಡಿ ಲಿಂಬೆ ಸೇರಿತು. ಇದು ಕಾಗಜಿ ಜಾತಿ. ಕಾಗಜ್ ಎಂದರೆ ಕಾಗದ, ಸಿಪ್ಪೆ ಅಷ್ಟು ತೆಳು, ರಸ ಜಾಸ್ತಿ. ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿ ಇಂಡಿಯಲ್ಲೇ ಇದೆ. 2025ರಲ್ಲಿ ಈ ಹಣ್ಣು ಅರಬ್ ಎಮಿರೇಟ್ಸ್‌ಗೆ ಹೊರಟಿತು. ಸಿಂದಗಿಯ ರೈತರೂ ಲಿಂಬೆ ಬೆಳೆಯುತ್ತಾರೆ, ಹೆಸರು ಮಾತ್ರ ಇಂಡಿಯದು. ಸ್ಟಿಲ್ಟನ್ನಿನವರ ಸಂಕಟ ಸಿಂದಗಿಯವರಿಗೆ ಅರ್ಥವಾದೀತು.

ಇತ್ತ ಚೆಡ್ಡರ್ ಎಂಬ ಹೆಸರನ್ನು ಯಾರೂ ಹೊತ್ತಿಗೆ ಸರಿಯಾಗಿ ಕಾಯಲಿಲ್ಲ. ಇಂದು ಅದನ್ನು ಆಸ್ಟ್ರೇಲಿಯಾದಿಂದ ಹಿಡಿದು ಅಮೆರಿಕದವರೆಗೆ ಎಲ್ಲರೂ ಮಾಡುತ್ತಾರೆ. ಸಾಮರ್‌ಸೆಟ್ ಜಿಲ್ಲೆಯ ಆ ಊರಿನ ನೆನಪೂ ತಿನ್ನುವವರಿಗಿಲ್ಲ. ಕೊಲ್ಹಾರಕ್ಕೂ ಅದೇ ಗತಿ ಬರಬಹುದೆಂಬ ಅಳುಕು ನನಗಿದೆ. ಯಾವ ಪೇಟೆಯಲ್ಲಿ ಬೇಕಾದರೂ ಪಾಕೀಟಿನ ಹಾಲಿಗೆ ಹೆಪ್ಪು ಹಾಕಿ ಬೋರ್ಡು ಬರೆದರೆ ಕೇಳುವವರು ಯಾರು? ಕಾಯ್ದೆಯ ಪ್ರಕಾರ ಹೆಸರು ಕೇಳಲು ಹೋದರೆ ಗಡಿ ಗುರುತಿಸಿದ ನಕ್ಷೆ ಕೊಡಬೇಕು. ಹಳೆಯ ಕೊಲ್ಹಾರದ ನಕ್ಷೆ ನೀರಿನಲ್ಲಿದೆ.

ನೀರು ಇನ್ನೂ ಏರಬಹುದು. 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ 524.256 ಮೀಟರ್ ಎತ್ತರಕ್ಕೆ ಅನುಮತಿ ಕೊಟ್ಟಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಪರಿಹಾರದ ದರ ನಿಗದಿ ಮಾಡಿತು: ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣ ಜಮೀನಿಗೆ 30 ಲಕ್ಷ. ನೆಲ ಹೋದವರಿಗೆ ಇದು ಸಿಗಲೇಬೇಕಾದದ್ದು. ಆದರೆ ಹೊಳೆದಂಡೆಯ ಮೇವು ಕೊಯ್ದು ಎರಡೇ ಎಮ್ಮೆ ಸಾಕಿ, ಸ್ವಂತ ಹೊಲವಿಲ್ಲದೆ ಬುಟ್ಟಿಯಲ್ಲಿ ಕುಡಿಕೆ ಹೊತ್ತು ಬಸ್ಸಿನತ್ತ ಓಡುವ ಹೆಂಗಸಿನ ಲೆಕ್ಕವನ್ನು ಎಕರೆಯಲ್ಲಿ ಬರೆಯಲಾಗುವುದಿಲ್ಲ.